ಕೆಂಚನ ಕಿರ್ದಿ

(ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಹಿರಿಯರೆಲ್ಲ ಸೇರುವ ಸಂಜೆ ಕೂಟದಲ್ಲಿ ಆಡಿದ ಮಾತುಗಳು. ಬಂದವರು ಕೇಳಿದ್ದಕ್ಕೆ ಬರೆದುಕೊಟ್ಟಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳ ಜನಕ್ಕೆ ನಮ್ಮ ನಾಯಿ ಕೆಂಚ ಗೊತ್ತು. ಬೆಳಿಗ್ಗೆ ಕಾಲುವೆ ಏರಿ ಮೇಲೆ ವಾಕಿಂಗ್ ಬರುವವರಿಗಂತೂ ಚೆನ್ನಾಗಿಯೇ ಗೊತ್ತು. ಕಂದು ಬಣ್ಣ, ಎಡ ಕಿವಿಯ ತುದಿ ಹರಿದಿದೆ. 13 ವರ್ಷದ ಹಿಂದೆ ಅದೇ ಭದ್ರಾ ಕಾಲುವೆ ಪಕ್ಕದಲ್ಲಿ ಸಿಕ್ಕ ಬೀದಿ ಮರಿ. ಐದು ತಿಂಗಳಿಂದ ಅವನು ವಾಕಿಂಗ್‌ಗೆ ಬರುತ್ತಿಲ್ಲ. "ಏನಾಗಿದೆ ಸರ್ ಅವನಿಗೆ?" ಅಂತ ನೀವೆಲ್ಲ ಕೇಳುತ್ತೀರಿ. ನನ್ನ ಹತ್ತಿರ ಉತ್ತರ ಇಲ್ಲ. ಡಾಕ್ಟರ ಹತ್ತಿರವೂ ಇಲ್ಲ. ಉತ್ತರ ಇಲ್ಲದೆ 14 ತಿಂಗಳು ಹೇಗೆ ಕಳೆದೆವು ಅನ್ನೋದನ್ನು ಇವತ್ತು ಹೇಳುತ್ತೇನೆ. ನಿಮ್ಮ ಮನೆಗಳಲ್ಲೂ ವಯಸ್ಸಾದ ನಾಯಿಗಳಿವೆ, ಅಲ್ವಾ.

ಶುರುವಾದದ್ದು ಮೊನ್ನೆಯ ದೀಪಾವಳಿಗಲ್ಲ, ಅದರ ಹಿಂದಿನ ದೀಪಾವಳಿಗೆ. ಹಬ್ಬದ ಮಾರನೇ ದಿನ ಅವನು ಏಳಲಿಲ್ಲ. ಪಟಾಕಿಗೆ ಹೆದರಿದ್ದಾನೆ ಅಂದುಕೊಂಡೆವು. ಎಬ್ಬಿಸಿದರೆ ಹಿಂಗಾಲು ನಡುಗುತ್ತಿತ್ತು. ಮೈ ಸುಡುತ್ತಿತ್ತು. ಅನ್ನ ಮೂಸಿ ನೋಡಿ ಮುಖ ತಿರುಗಿಸಿದ. ಮೂರು ದಿನ ಹಾಗೇ ಇದ್ದ. ನಾಲ್ಕನೇ ದಿನ ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ ಗೇಟಿನ ಹತ್ತಿರ ಹೋಗಿ ಹಾಲಿನವನಿಗೆ ಬೊಗಳಿದ. ನನ್ನ ಹೆಂಡತಿ ಅಡುಗೆ ಮನೆಯಿಂದ ಓಡಿ ಬಂದಳು. ಆ ಬೊಗಳು ಕೇಳಿ ನಮಗೆ ಅಷ್ಟು ಸಮಾಧಾನ ಆಗಿತ್ತು. ಮೂರು ವಾರ ಕಳೆಯಿತು. ಮತ್ತೆ ಅದೇ ಜ್ವರ, ಅದೇ ಕಾಲು.

ಡಾಕ್ಟರ್ ಮೊದಲು ನೋಡಿದ್ದು ಉಣ್ಣೆ ಜ್ವರ ಇದೆಯಾ ಅಂತ. ಅದು ಸರಿಯಾದ ಅನುಮಾನವೇ. ನಮ್ಮ ಊರಿನ ನಾಯಿಗಳ ಮೈಗೆ ಹತ್ತಿ ರಕ್ತ ಹೀರುವ ಕಂದು ಉಣ್ಣೆ ಎರ್ಲಿಕಿಯಾ ಅನ್ನೋ ರೋಗಾಣುವನ್ನು ಹರಡುತ್ತದೆ. ಬೆಬೀಸಿಯಾ ಅನ್ನೋ ಇನ್ನೊಂದು ರೋಗಾಣುವಿನ ಒಂದು ಬಗೆಯನ್ನೂ ಹರಡುತ್ತದೆ. ಕೆಂಚನ ರಕ್ತದಲ್ಲಿ ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿದಿತ್ತು. ಆರೋಗ್ಯವಂತ ನಾಯಿಗೆ 2 ಲಕ್ಷಕ್ಕಿಂತ ಮೇಲಿರಬೇಕು. ಕಿಟ್ ಪರೀಕ್ಷೆಯಲ್ಲಿ ಎರ್ಲಿಕಿಯಾ ಪಾಸಿಟಿವ್ ಬಂತು. ನಿಜ ಹೇಳುತ್ತೇನೆ, ಆವತ್ತು ನನಗೆ ನೆಮ್ಮದಿಯಾಯಿತು. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ.

ಮಾತ್ರೆ ಅಂದ ಮೇಲೆ ಒಂದು ಮಾತು. ದಾವಣಗೆರೆಯವರು ನಾವು, ಕೈಗೆ ಮೊದಲು ಸಿಗೋದೇ ಬೆಣ್ಣೆ. ಮಾತ್ರೆಯನ್ನು ಬೆಣ್ಣೆ ಉಂಡೆಯಲ್ಲಿ ಸೇರಿಸಿ ಬಾಯಿಗಿಟ್ಟರೆ ನಾಯಿ ಗುಳುಂ ಅಂತ ನುಂಗುತ್ತದೆ. ಡಾಕ್ಟರ್ ಬೇಡ ಅಂದರು. ವಯಸ್ಸಾದ ನಾಯಿಗೆ ದಿನಾ ಜಿಡ್ಡು ಹೋದರೆ ಮೇದೋಜೀರಕ ಗ್ರಂಥಿಗೆ ತೊಂದರೆ ಆಗಬಹುದು. ಈ ಮಾತ್ರೆಯನ್ನು ಹಾಲಿನ ಜೊತೆಗೂ ಕೊಡಬಾರದು, ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಳ್ಳುತ್ತದೆ. ಒಣ ಗಂಟಲಿಗೆ ಹಾಕಿದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ. ಅದಕ್ಕೆ ಸ್ವಲ್ಪ ಅನ್ನದಲ್ಲಿ ಕಲಸಿ ಕೊಟ್ಟು, ಮೇಲೆ ನೀರು ಕುಡಿಸುತ್ತಿದ್ದೆವು.

28 ದಿನ ಮುಗಿಯಿತು. ಪ್ಲೇಟ್‌ಲೆಟ್ ಏರಿತು. ಹತ್ತು ದಿನಕ್ಕೆ ಜ್ವರ ವಾಪಸ್ ಬಂತು.

ಆಗ ಡಾಕ್ಟರ್ ಕೂತು ಬಿಡಿಸಿ ಹೇಳಿದರು. ಆ ಕಿಟ್ ನೋಡುವುದು ರೋಗಾಣುವನ್ನಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಕಾಯಿಲೆ ವಾಸಿಯಾದ ಮೇಲೂ ಅದು ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ, ರಕ್ತದಲ್ಲಿ ಉಳಿಯುತ್ತದೆ. ಅಂದರೆ ಕೆಂಚನಿಗೆ ಯಾವತ್ತೋ ಉಣ್ಣೆ ಜ್ವರ ಬಂದಿತ್ತು ಅನ್ನೋದು ಮಾತ್ರ ಖಚಿತ. ಈಗಿನ ಜ್ವರ ಅದರದ್ದೇ ಅಂತ ಹೇಳಲು ಬರುವುದಿಲ್ಲ. ಆಮೇಲೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿಸಿದೆವು. ನೆಗೆಟಿವ್. ಮೂತ್ರದ ಕಲ್ಚರ್ ಮಾಡಿಸಿದೆವು. ಏನೂ ಬೆಳೆಯಲಿಲ್ಲ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಮಣಿಗಳ ನಡುವೆ ಎಲುಬು ಸೇತುವೆ ಕಟ್ಟಿದ ಹಾಗೆ ಬೆಳೆದಿತ್ತು. "ಸಿಕ್ಕಿತು!" ಅಂದೆ. ಡಾಕ್ಟರ್ ತಲೆ ಅಲ್ಲಾಡಿಸಿದರು. ಈ ವಯಸ್ಸಿನ ಬಹಳ ನಾಯಿಗಳಲ್ಲಿ ಇದು ಇರುತ್ತದೆ, ಎಷ್ಟೋ ನಾಯಿಗಳಿಗೆ ಇದರಿಂದ ನೋವೂ ಇರುವುದಿಲ್ಲ, ಜ್ವರವಂತೂ ಬರುವುದೇ ಇಲ್ಲ ಅಂದರು. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ನಾರ್ಮಲ್ ಇತ್ತು. ಹಾಗಂತ ಕಿಡ್ನಿ ಪೂರ್ತಿ ಚೆನ್ನಾಗಿದೆ ಅಂತಲೂ ಅಲ್ಲ. ಕಿಡ್ನಿಯ ಕೆಲಸ ಮುಕ್ಕಾಲು ಪಾಲು ಕಡಿಮೆಯಾಗುವ ತನಕ ಆ ಅಂಕಿ ಸುಮ್ನೆ ಕೂತಿರುತ್ತದಂತೆ.

ಒಂದು ಮುದಿ ದೇಹವನ್ನು ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೆಲ್ಲ ಕಾರಣ ಅಲ್ಲ. ಇದು ನನಗೆ ತಲೆಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳು ನಾನು ಬಹಳ ಕೆಟ್ಟ ಸ್ಥಿತಿಯಲ್ಲಿದ್ದೆ. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಹುಡುಕುವುದು. ಒಂದೊಂದು ರಾತ್ರಿ ಒಂದೊಂದು ಕ್ಯಾನ್ಸರ್ ಸಿಗುತ್ತಿತ್ತು. ಬೆಳಿಗ್ಗೆ ಅದನ್ನು ಹೆಂಡತಿಗೆ ಹೇಳಿ ಅವಳ ನಿದ್ದೆಯನ್ನೂ ಕೆಡಿಸುತ್ತಿದ್ದೆ. ಪಕ್ಕದಲ್ಲಿ ಕೆಂಚ ಒದ್ದಾಡುತ್ತಿದ್ದರೂ ನನ್ನ ಕಣ್ಣು ಫೋನಿನ ಮೇಲೆ.

ನಮ್ಮ ಅಪ್ಪ ಇದೇ ಊರಿನ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಹತ್ತಿ, ಶೇಂಗಾ ವ್ಯಾಪಾರ. ರಾತ್ರಿ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯದೆ ಮನೆಗೆ ಬಂದವರಲ್ಲ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಆಮೇಲೆ ಒಂದೊಂದನ್ನೂ ಅವರವರ ಹೆಸರಿನ ಖಾತೆಗೆ ಎತ್ತಿ ಬರೆಯುವುದು, ಅದಕ್ಕೆ ಖತಾವಣಿ ಅಂತಾರೆ. ಕೆಲವು ಸಲ ಬಂದ ದುಡ್ಡು ಯಾರದ್ದು ಅಂತಲೇ ತಿಳಿಯದು. ಆಗ ಅದನ್ನು ಅನಾಮತ್ತು ಖಾತೆಗೆ ಹಾಕಿ, ಆ ದಿನದ ಕಿರ್ದಿ ಮುಗಿಸಿ, ದೀಪ ಆರಿಸಿ ಬರುತ್ತಿದ್ದರು. ಹೆಸರು ಆಮೇಲೆ ಸಿಗಬಹುದು, ಸಿಗದೆಯೂ ಇರಬಹುದು. ದಿನದ ಲೆಕ್ಕ ಮಾತ್ರ ನಿಲ್ಲಬಾರದು. ನಾನೂ ಪಿಯು ಕಾಲೇಜಿನಲ್ಲಿ 30 ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆ. ಕೆಂಚನಿಗೆ ಐದನೇ ಸಲ ಜ್ವರ ಬಂದ ರಾತ್ರಿ ಇದು ನೆನಪಾಯಿತು. ಖಾತೆಯ ಹೆಸರು ಸಿಗಲಿ ಅಂತ ಕಾಯುತ್ತಾ, ನಾನು ಕಿರ್ದಿಯನ್ನೇ ಬರೆದಿರಲಿಲ್ಲ. ಮಾರನೇ ದಿನ ಒಂದು ಉದ್ದನೆಯ ನೋಟ್‌ಬುಕ್ ತಂದೆ.

ಏನೇನು ಬರೆಯುತ್ತೇನೆ ಅಂತ ಹೇಳುತ್ತೇನೆ. ಇದು ಕೆಲಸಕ್ಕೆ ಬರುವ ಮಾತು, ನಿಧಾನವಾಗಿ ಕೇಳಿ.

ಬೆಳಿಗ್ಗೆ ಜ್ವರ. ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್, ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ 98.6 ಲೆಕ್ಕದಲ್ಲಿ ನೋಡಿ ಗಾಬರಿಯಾಗಬೇಡಿ. ಮೂಗು ಮುಟ್ಟಿ ನೋಡಿ ಜ್ವರ ಹೇಳುವುದು ನಂಬುವ ಮಾತಲ್ಲ. ಆಮೇಲೆ ಅವನು ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸುತ್ತೇನೆ. ಎದೆ ಏರಿ ಇಳಿದರೆ ಒಂದು. 30 ದಾಟಬಾರದು. ದಿನಾ ದಾಟುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶ ನೋಡಿಸಬೇಕು. ವಸಡು ಗುಲಾಬಿ ಬಣ್ಣ ಇದೆಯಾ, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರುತ್ತಾ ಅಂತ ನೋಡುತ್ತೇನೆ. ಕುಡಿಯುವ ನೀರನ್ನು ಅಳತೆ ಜಗ್ಗಿನಲ್ಲಿ ಅಳೆದು ಇಡುತ್ತೇವೆ. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿ ಮೀರಿದರೆ ಅದು ಜಾಸ್ತಿ. ವಾರಕ್ಕೊಮ್ಮೆ ತೂಕ. ಮನೆಯ ತೂಕದ ಯಂತ್ರದ ಮೇಲೆ ಅವನನ್ನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆಯುವುದು. ಕಾಲು ನಡುಗಿದಾಗ, ವಿಚಿತ್ರವಾಗಿ ಆಡಿದಾಗ ಫೋನಿನಲ್ಲಿ ವಿಡಿಯೋ. ಡಾಕ್ಟರ ಮೇಜಿನ ಮೇಲೆ ನಿಲ್ಲಿಸಿದರೆ ಎಂಥ ನಾಯಿಯೂ ಸೆಟೆದು ನಿಲ್ಲುತ್ತದೆ. ಮನೆಯಲ್ಲಿ ಆದದ್ದನ್ನು ಅಲ್ಲಿ ತೋರಿಸುವುದಿಲ್ಲ.

ಇಷ್ಟು ಬರೆಯಲು ದಿನಕ್ಕೆ ಹತ್ತು ನಿಮಿಷ ಸಾಕು.

ಮೂರು ತಿಂಗಳ ಕಿರ್ದಿ ತಿರುವಿ ಹಾಕಿದಾಗ ಒಂದು ವಿಷಯ ಕಂಡಿತು. ಕೆಂಚನ ಕೆಟ್ಟ ದಿನಗಳು ಬಂದರೆ ಮೂರು, ಇಲ್ಲ ನಾಲ್ಕು. ನಾವು ಡಾಕ್ಟರ ಹತ್ತಿರ ಓಡುತ್ತಿದ್ದದ್ದು ಮೂರನೇ ದಿನ, ತಡೆಯಲಾರದೆ. ಅವರು ಇಂಜೆಕ್ಷನ್ ಕೊಡುತ್ತಿದ್ದರು. ನಾಲ್ಕನೇ ದಿನ ಅವನು ಏಳುತ್ತಿದ್ದ. "ಈ ಇಂಜೆಕ್ಷನ್ ಹಿಡಿಸಿತು" ಅನ್ನುತ್ತಿದ್ದೆವು. ಆದರೆ ಎರಡು ಸಲ ಮಳೆಗೆ, ರಜೆಗೆ ಸಿಕ್ಕಿ ಹೋಗಲು ಆಗಿರಲಿಲ್ಲ. ಆ ಎರಡು ಸಲವೂ ನಾಲ್ಕನೇ ದಿನ ತಾನಾಗಿಯೇ ಎದ್ದಿದ್ದ. ಏರಿಳಿಯುವ ಕಾಯಿಲೆಯ ಗುಣವೇ ಇದು. ತೀರಾ ಕೆಟ್ಟ ದಿನ ನಾವು ಔಷಧಿ ಕೊಡುತ್ತೇವೆ, ಅದರ ಮುಂದಿನ ದಿನ ಹೇಗೂ ಸ್ವಲ್ಪ ವಾಸಿ ಇರುತ್ತದೆ, ಹೆಸರು ಔಷಧಿಗೆ ಹೋಗುತ್ತದೆ. ಅರಿಶಿನ ಹಾಲು, ಮಂತ್ರಿಸಿದ ದಾರ, ದುಬಾರಿ ಟಾನಿಕ್, ಎಲ್ಲಕ್ಕೂ ಹೀಗೇ ಹೆಸರು ಬಂದಿರುತ್ತದೆ. ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಊಟ ಬದಲಿಸಿದರೆ ಎರಡು ವಾರ ಬೇರೆ ಏನನ್ನೂ ಮುಟ್ಟುವುದಿಲ್ಲ.

ಕಿರ್ದಿ ಇನ್ನೊಂದನ್ನೂ ಹೇಳಿತು. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ತೂಕ ಮಾತ್ರ ಒಂದೇ ದಾರಿ ಹಿಡಿದಿತ್ತು. 19 ಕಿಲೋ ಇದ್ದವನು 16.4ಕ್ಕೆ ಬಂದಿದ್ದ. ದಿನಾ ಕಣ್ಣೆದುರು ಇರುವವರಿಗೆ ಅದು ಕಾಣುವುದೇ ಇಲ್ಲ. ಆ ಪುಟ ನೋಡಿ ಡಾಕ್ಟರ್ ಹೊಟ್ಟೆಯ ಸ್ಕ್ಯಾನ್ ಬರೆದರು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಒಮ್ಮೆ ಅಲ್ಲಿಯೂ ತೋರಿಸಿ ಅಂದರು. ಹೊನ್ನಾಳಿ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದ. ತುಂಗಭದ್ರಾ ಸೇತುವೆ ಬಂದಾಗ ಎದ್ದು ಕಿಟಕಿಗೆ ಮೂಗು ಇಟ್ಟ. ಅದನ್ನೂ ಬರೆದಿದ್ದೇನೆ.

ಸ್ಕ್ಯಾನ್‌ನಲ್ಲಿ ನೋಡಿದರೆ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಸಣ್ಣ ಗಂಟುಗಳಿದ್ದವು. ವಯಸ್ಸಾದ ನಾಯಿಗಳಲ್ಲಿ ಅಪಾಯವಿಲ್ಲದ ಗಂಟುಗಳೂ ಇರುತ್ತವೆ, ಇರಬಾರದ ಗಂಟುಗಳೂ ಇರುತ್ತವೆ. ಸೂಜಿ ಹಾಕಿ ತೆಗೆದ ಜೀವಕೋಶಗಳಲ್ಲಿ ಕೆಟ್ಟದ್ದು ಕಾಣಲಿಲ್ಲ, ಆದರೆ ಖಚಿತವಾಗಿ ಹೇಳಲಾಗದು ಅಂತ ವರದಿ ಬಂತು. ಇನ್ನೊಂದು ಅನುಮಾನ ಕೀಲುಗಳ ಮೇಲೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ನಾಯಿಗಳಿಗೂ ಬರುತ್ತದೆ. ಬಂದು ಹೋಗುವ ಜ್ವರ, ನಡೆಯಲು ಒಲ್ಲೆ ಅನ್ನುವುದು, ಎರಡೂ ಅದಕ್ಕೆ ಹೊಂದುತ್ತವೆ. ತಿಳಿಯಬೇಕೆಂದರೆ ಮಂಪರು ಕೊಟ್ಟು ಹಲವು ಕೀಲುಗಳಿಂದ ದ್ರವ ತೆಗೆದು ನೋಡಬೇಕು.

ಅಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ನೀವೂ ಇದನ್ನು ನೆನಪಿಟ್ಟುಕೊಳ್ಳಿ. "ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತಾ?" ಹೌದು ಅಂತ ಬಂದರೆ ಸ್ಟೆರಾಯ್ಡ್ ಕೊಡುತ್ತೇವೆ ಅಂದರು. ಇಲ್ಲ ಅಂತ ಬಂದರೆ? ಸೋಂಕಿನ ಪರೀಕ್ಷೆಗಳೆಲ್ಲ ನೆಗೆಟಿವ್ ಇರುವುದರಿಂದ, ಆಗಲೂ ಬಹುಶಃ ಸ್ಟೆರಾಯ್ಡ್ ಕೊಟ್ಟು ನೋಡಬೇಕಾಗುತ್ತದೆ ಅಂದರು. 13 ವರ್ಷದವನಿಗೆ ಮಂಪರು ಬೇಡ ಅಂತ ತೀರ್ಮಾನಿಸಿದೆವು. ಸರಿ ಮಾಡಿದೆವಾ? ಕೆಲವು ರಾತ್ರಿ ಅನುಮಾನ ಬರುತ್ತದೆ. ಒಮ್ಮೆ ಸ್ಟೆರಾಯ್ಡ್ ಶುರು ಮಾಡಿದರೆ ಆಮೇಲೆ ಮಾಡುವ ಎಷ್ಟೋ ಪರೀಕ್ಷೆಗಳು ಮಸುಕಾಗುತ್ತವೆ. ಆ ಬಾಗಿಲು ಮುಚ್ಚುತ್ತಿದ್ದೇವೆ ಅಂತ ಗೊತ್ತಿದ್ದೇ ಮುಚ್ಚಿದೆವು. ನಿಮಗೆ ಹೇಳುವುದಿಷ್ಟೇ, ಮಾಡಿಸಬೇಕಾದ ಪರೀಕ್ಷೆಯೆಲ್ಲ ಸ್ಟೆರಾಯ್ಡ್‌ಗೆ ಮೊದಲೇ ಮಾಡಿಸಿ. ಒಳಗೆ ಸೋಂಕಿದ್ದರೆ ಸ್ಟೆರಾಯ್ಡ್‌ನಿಂದ ಅದು ಹೆಚ್ಚಬಹುದು. ಚೆನ್ನಾಗಿದ್ದಾನೆ ಅಂತ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಈಗ ಕೆಂಚನಿಗೆ ದಿನ ಬಿಟ್ಟು ದಿನ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್. ಜ್ವರ ಮೂರು ವಾರಕ್ಕೆ ಬರುತ್ತಿದ್ದದ್ದು ಏಳೆಂಟು ವಾರಕ್ಕೆ ಬರುತ್ತಿದೆ. ನೀರು ಜಾಸ್ತಿ ಕುಡಿಯುತ್ತಾನೆ, ಉಚ್ಚೆ ಜಾಸ್ತಿ. ರಾತ್ರಿ ಒಮ್ಮೆ ಹೊರಗೆ ಕರೆದುಕೊಂಡು ಹೋಗಲೇಬೇಕು. ಹನ್ನೊಂದರ ಪಾಳಿ ನನ್ನದು, ಮೂರರ ಪಾಳಿ ನನ್ನ ಹೆಂಡತಿಯದು.

ಮನೆಯಲ್ಲಿ ಮಾಡಿದ ಬದಲಾವಣೆಗಳಲ್ಲಿ ದೊಡ್ಡದು ನೆಲ. ಈಗ ಎಲ್ಲರ ಮನೆಯಲ್ಲೂ ನುಣುಪಾದ ಟೈಲ್ಸ್. ಹಿಂಗಾಲಿಗೆ ಶಕ್ತಿ ಇಲ್ಲದ ನಾಯಿಗೆ ಅದು ಐಸ್ ಇದ್ದ ಹಾಗೆ. ಮಂಡಿಯಿಂದ ಹತ್ತು ಹಳೇ ಗೋಣಿಚೀಲ ತಂದು, ತೊಳೆದು, ಬಿಸಿಲಿಗೆ ಒಣಗಿಸಿ, ಅವನ ಜಾಗದಿಂದ ನೀರಿನ ಬಟ್ಟಲವರೆಗೆ, ಅಲ್ಲಿಂದ ಬಾಗಿಲವರೆಗೆ ದಾರಿ ಹಾಸಿದೆವು. ಹಾಸಿದ ದಿನವೇ ಅವನು ತಾನಾಗಿ ಎದ್ದು ನೀರು ಕುಡಿದ. ಎರಡು ತಿಂಗಳು ಕಾಯಿಲೆ ಜಾಸ್ತಿ ಅಂದುಕೊಂಡಿದ್ದರಲ್ಲಿ ಅರ್ಧ ನೆಲದ್ದೇ ತಪ್ಪಾಗಿತ್ತು. ಏಪ್ರಿಲ್‌ನಲ್ಲಿ ಅದೇ ಗೋಣಿಯನ್ನು ಒದ್ದೆ ಮಾಡಿ ಹಾಕುತ್ತೇವೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಉಣ್ಣೆಗೆ ಬರೀ ನಾಯಿ ಮೈಗೆ ಔಷಧಿ ಹಾಕಿದರೆ ಆಗದು. ಕಂದು ಉಣ್ಣೆ ತನ್ನ ಜೀವನದ ಹೆಚ್ಚು ಭಾಗ ಕಳೆಯುವುದು ಗೋಡೆ ಬಿರುಕಿನಲ್ಲಿ, ಹಾಸಿಗೆಯ ಅಡಿಯಲ್ಲಿ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಕಾಂಪೌಂಡಿನ ಬಿರುಕುಗಳಿಗೆಲ್ಲ ಸಿಮೆಂಟ್ ಹಾಕಿಸಿದೆ.

ಇನ್ನು ಜನದ ಮಾತು. "ವಯಸ್ಸಾತು, ಬಿಡ್ರಿ ಸರ" ಅಂತಾರೆ. ಬೈಯಲು ಹೇಳುವುದಿಲ್ಲ, ಸಮಾಧಾನಕ್ಕೇ ಹೇಳುತ್ತಾರೆ, ಗೊತ್ತು. ಆದರೆ ವಯಸ್ಸು ಅನ್ನೋದು ಕಾಯಿಲೆಯಲ್ಲ. ವಯಸ್ಸಾಗಿದೆ ಅಂತ ನೋವಿಗೆ ಔಷಧಿ ಕೊಡದೆ ಬಿಡುವುದು ತಪ್ಪು. ಇನ್ನು ಕೆಲವರು "ನಾಯಿಗೆ ಇಷ್ಟೊಂದಾ?" ಅಂತಾರೆ. ಅವರಿಗೆ ನಾನು ಆತಕೂರಿನ ಶಾಸನ ಹೇಳುತ್ತೇನೆ. ಮಂಡ್ಯ ಜಿಲ್ಲೆಯದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸುಮಾರು ಕ್ರಿ.ಶ. 950ರದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕು ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ಕನ್ನಡದವರು ಸಾವಿರ ವರ್ಷದ ಹಿಂದೆಯೇ ನಾಯಿಗಾಗಿ ಕಲ್ಲು ಕೆತ್ತಿಸಿ, ಅದರ ಹೆಸರು ಬರೆಸಿದ್ದಾರೆ.

ಆ ಕಲ್ಲಿನ ಬಗ್ಗೆ ಯೋಚಿಸುವಾಗ ನನಗೆ ಇನ್ನೊಂದು ಅನಿಸುತ್ತದೆ. ಕಾಳಿಯದು ಒಂದು ದಿನದ ಹೋರಾಟ. ಹಂದಿ ಎದುರಿಗೆ ಕಾಣುತ್ತಿತ್ತು. ನಮ್ಮ ಕೆಂಚ 14 ತಿಂಗಳಿಂದ ಹೋರಾಡುತ್ತಿದ್ದಾನೆ, ಎದುರಿಗೆ ಯಾರಿದ್ದಾರೆ ಅಂತ ಅವನಿಗೂ ಕಾಣದು, ನಮಗೂ ಕಾಣದು. ಆದರೂ ಜ್ವರ ಬಿಟ್ಟ ದಿನ ಎದ್ದು ಗೇಟಿಗೆ ಹೋಗುತ್ತಾನೆ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ನೋವು ನೋಡೋಕಾಗಲ್ಲ, ನಮ್ಮ ಮಾತ್ರೆಯನ್ನೇ ಅರ್ಧ ಕೊಡಬಹುದಾ?" ಬೇಡ, ದಯವಿಟ್ಟು ಬೇಡ. ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ನಮಗೂ ಒಂದು ಔಷಧಿ ಅಂಗಡಿಯಲ್ಲಿ "ಅರ್ಧ ಕೊಡಿ, ಏನಾಗಲ್ಲ" ಅಂದಿದ್ದರು. ಡಾಕ್ಟರಿಗೆ ಫೋನ್ ಮಾಡಿದ್ದರಿಂದ ಉಳಿದೆವು. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿಗಂತೂ ಇವು ಇನ್ನೂ ಅಪಾಯ. ನಾಯಿಗೆ ಅಂತಲೇ ಇರುವ ನೋವಿನ ಔಷಧಿಗಳಿವೆ, ಅವನ್ನು ಕೇಳಿ ಬರೆಸಿಕೊಳ್ಳಿ.

ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕಾಯಿಲೆ ಏನು ಅಂತಲೇ ಗೊತ್ತಿಲ್ಲದೆ, ಮಲಗಿಸಿಬಿಡಿ ಅಂತ ಹೇಗೆ ಹೇಳೋದು?" ಇಂಜೆಕ್ಷನ್‌ನಿಂದ ನೋವಿಲ್ಲದ ಸಾವು ಕೊಡಿಸುವ ಮಾತು ಅದು. ಈ ಪ್ರಶ್ನೆಗೆ ನಾವು ಮನೆಯಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದೇವೆ. ಕಾಯಿಲೆಯ ಹೆಸರು ಗೊತ್ತಿದ್ದರೆ ಡಾಕ್ಟರ್ ಇಷ್ಟು ತಿಂಗಳು ಅನ್ನುತ್ತಾರೆ. ನಮಗೆ ಆ ಅಳತೆ ಇಲ್ಲ. ಅದಕ್ಕೆ ಕೆಂಚನನ್ನೇ ಅಳತೆ ಮಾಡಿಕೊಂಡೆವು. ಗೇಟಿನವರೆಗೆ ನಡೆಯುವುದು. ತಾನಾಗಿ ಊಟ ಮಾಡುವುದು. ತೇಕದೆ, ನರಳದೆ ನಾಲ್ಕು ಗಂಟೆ ನಿದ್ದೆ ಮಾಡುವುದು. ಮೂರರಲ್ಲಿ ಎರಡು ಇದ್ದರೆ ಅದು ಒಳ್ಳೆಯ ದಿನ. ಹದಿನೈದು ದಿನದಲ್ಲಿ ಕೆಟ್ಟವು ಜಾಸ್ತಿಯಾದರೆ ಡಾಕ್ಟರನ್ನು ಮನೆಗೇ ಕರೆಸುವುದು ಅಂತ ಕಿರ್ದಿಯ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಅವನು ಚೆನ್ನಾಗಿದ್ದ ದಿನವೇ ಬರೆದೆವು. ಕೆಳಗೆ ನನ್ನ ಹೆಂಡತಿ ಒಂದು ಸಾಲು ಸೇರಿಸಿದ್ದಾಳೆ: ರಾತ್ರಿ ಹೊತ್ತು ಏನನ್ನೂ ತೀರ್ಮಾನಿಸಬಾರದು.

ಈ ಹದಿನೈದು ದಿನದಲ್ಲಿ ಒಳ್ಳೆಯವು 11, ಕೆಟ್ಟವು 4. ಎಂಟೂವರೆಗೆ ಅವನ ಮಾತ್ರೆ ಇದೆ. ನಾನು ಹೊರಡುತ್ತೇನೆ.